ಮುಂದಿನದನ್ನಷ್ಟೇ ಕೇಳುವ ಮೈಕು

ಬೈಲಹೊಂಗಲ

ಪರಶು,

ಮಗನಿಗೆ ಬರೆಯುವ ಕಾಗದದ ತಲೆಯಲ್ಲಿ ‘ಚಿರಂಜೀವಿ’ ಎಂದು ಬರೆಯುವುದು ನಮ್ಮ ಮನೆಯ ಪದ್ಧತಿ. ನೀನು ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನಾನು ಬರೆದ ಒಂದು ಕಾಗದದಲ್ಲೂ ಅದನ್ನು ಬಿಟ್ಟಿರಲಿಲ್ಲ. ಇಂದೂ ಕೈ ಅಭ್ಯಾಸಬಲದಿಂದ ಅದನ್ನೇ ಬರೆಯಿತು. ಮೊದಲ ಸಾಲಿನಲ್ಲೇ ಸುಳ್ಳನ್ನಿಟ್ಟು ಮಾತು ಆರಂಭಿಸುವವನು ನಾನಲ್ಲ. ಆ ಹಾಳೆಯನ್ನು ಪಕ್ಕಕ್ಕಿಟ್ಟು ಬೇರೆ ಹಾಳೆ ಹಿಡಿದಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನಿನ್ನ ತಾಯಿಗೆ ನಿನ್ನ ದನಿ ಬೇಕಾಗಿದೆ. ಗೋಡೆಯ ಮೇಲಿನ ಫೋಟೊದ ಮುಂದೆ ಅವಳು ನಿಲ್ಲುವುದೇ ಇಲ್ಲ. “ಮಾರಿ ಏನ್ರಿ, ಕಣ್ಣ ಮುಚ್ಚಿದ್ರ ಎದುರಿಗೆ ಬರತೈತಿ. ದನೀನ ಮರ್ಯಾಕ ಹತ್ತೈತಿ. ಯವ್ವಾ ಅಂತಿದ್ನಲ್ಲ, ಅದನ್ನ ನೆಪ್ಪ ಮಾಡ್ಕೊಳ್ಳಾಕ ಕುಂತ್ರ ಬ್ಯಾರೆ ಯಾರದೋ ದನಿ ಬರತೈತಿ. ಎಲ್ಲ್ಯಾರ ಹುಡಕಿ ಒಂದ ಸಲ ಕೇಳಸ್ರಿ” ಎಂದಳು. ಸುಂದರವ್ವ ನನ್ನನ್ನು ಏನನ್ನಾದರೂ ಕೇಳುವುದು ಎಷ್ಟು ಅಪರೂಪವೆಂದು ನಿನಗೆ ಗೊತ್ತು.

ಈ ಕಾಲದಲ್ಲಿ ಒಬ್ಬ ತರುಣನ ದನಿ ಎಲ್ಲಿಯೂ ಉಳಿಯದೆ ಹೋಯಿತೆಂದರೆ ಯಾರೂ ನಂಬಲಿಕ್ಕಿಲ್ಲ. ನಿನ್ನ ಮೊಬೈಲು ನಿನ್ನೊಡನೆಯೇ ಚೂರಾಯಿತು. ನಮಗೆ ಕಳಿಸುತ್ತಿದ್ದ ಸಂದೇಶಗಳನ್ನೆಲ್ಲ ನೀನು ಬೆರಳಿನಿಂದ ಬರೆಯುತ್ತಿದ್ದೆ. ನಿನ್ನ ಅಕ್ಕ ಸಪ್ನಾಳ ಮದುವೆಯ ವಿಡಿಯೊದಲ್ಲಿ ನೀನು ನಗುತ್ತ ಏನೋ ಹೇಳುವುದು ಕಾಣುತ್ತದೆ, ಆದರೆ ಅದರ ಮೇಲೆ ಸಿನಿಮಾ ಹಾಡನ್ನು ಹೊದಿಸಿದ್ದಾರೆ. ಇತರರ ದನಿಯನ್ನು ಹಿಡಿದಿಡುವುದೇ ಹುಚ್ಚಾಗಿದ್ದವನ ದನಿಯನ್ನು ಹಿಡಿದಿಡುವವರು ಯಾರೂ ಇರಲಿಲ್ಲ.

ಹಗಲೆಲ್ಲ ಜಟ್ಟೆಪ್ಪನ ಮೈಕ್ ಸೆಟ್ ಅಂಗಡಿಯಲ್ಲಿ, ಎದೆ ನಡುಗಿಸುವ ಬಾಕ್ಸುಗಳ ನಡುವೆ ದುಡಿಯುತ್ತಿದ್ದವನು ನೀನು. ಬಿಡುವು ಸಿಕ್ಕಿತೆಂದರೆ ಚೌಡಿಕೆ ಪದ, ಭಜನೆ ಎಂದು ಕಿತ್ತೂರು, ಸಿರಸಂಗಿ, ಉಗರಗೋಳಗಳ ಕಡೆಗೆ ಗಾಡಿ ತಿರುಗಿಸುತ್ತಿದ್ದೆ. ಕಾಣುವಂತೆ ಮೈಕು ನೆಟ್ಟರೆ ಹಾಡುವವರು ಮೈಕಿಗಾಗಿ ಹಾಡುತ್ತಾರೆ, ಮೊಬೈಲು ಎತ್ತಿದರೆ ಮೊಬೈಲಿಗಾಗಿ ಹಾಡುತ್ತಾರೆ ಎಂಬುದು ನಿನ್ನ ದೂರು. ಮರೆಯಲ್ಲಿಟ್ಟು ಕೇಳುವುದು ಕಳ್ಳತನವಲ್ಲವೇ ಎಂದು ನಾನು ಕೇಳಿದ್ದೆ. ಆಗ ನೀನು ಚೌಡಿಕೆಯ ತಂತಿ ಮೀಟಿ ಹಾಡುವ ಉಗರಗೋಳದ ಬಾಯವ್ವ ಹೇಳಿದ ಮಾತನ್ನು, ಆಕೆಯ ಹಾಗೆಯೇ ಕುತ್ತಿಗೆ ಕೊಂಕಿಸಿ ಹೇಳಿ ತೋರಿಸಿದೆ: “ಹಿಡಕೋ ಹೋಗೋ ತಮ್ಮಾ, ಬ್ಯಾಡ ಅಂದವರ್ಯಾರು? ಆದ್ರ ಅದು ನನ್ನ ಕಣ್ಣಿಗೆ ಬೀಳಬಾರ್ದು. ಬಿತ್ತಂದ್ರ ಗಂಟಲಾ ಕಟ್ಟತೈತಿ, ಆಮ್ಯಾಲೆ ನೀನ ಹಾಡಬೇಕಾಕ್ಕೈತಿ!” ಒಪ್ಪಿಗೆ ಪಡೆದು ಮರೆಯಾಗುವುದು ಕಳ್ಳತನವಲ್ಲವೆಂದು ನಾನು ಆಗಲೇ ಒಪ್ಪಿದೆ. ಸರಿಯಾದ ವಾದಕ್ಕೆ ತಲೆಬಾಗಲು ನನಗೆ ಎಂದೂ ಸಂಕೋಚವಿರಲಿಲ್ಲ.

ಇನ್ನೊಂದು ವಾದ ಉಳಿದಿತ್ತು. ಅದು ಊಟದ ಹೊತ್ತಿನಲ್ಲಿ ನಡೆಯಿತು.

ನಿನ್ನ ಹತ್ತಿರ ಎರಡು ಜೋಡಿ ಮೈಕುಗಳಿದ್ದವು. ಒಂದು ಜೋಡಿ ಜೋಳದ ಕಾಳಿನಷ್ಟು, ಸುತ್ತಲಿನ ಸದ್ದನ್ನೆಲ್ಲ ಒಂದೇ ಸಮನಾಗಿ ಕೇಳುವಂಥದು. ಇನ್ನೊಂದು ಕಡಲೆಕಾಳಿನಷ್ಟು, ತನ್ನ ಮುಂದಿರುವುದನ್ನಷ್ಟೇ ಕೇಳಿ ಬೆನ್ನ ಹಿಂದಿನದನ್ನು ಅಳಿಸಿಬಿಡುವಂಥದು. ಯಾವುದಾದರೂ ಸರಿ, ಕನ್ನಡಕದ ಎರಡೂ ಕಡ್ಡಿಗಳಿಗೆ ಕಟ್ಟಿ, ಕೂದಲಿನ ಮರೆ ಮಾಡಿ, ತಂತಿಯನ್ನು ಅಂಗಿಯೊಳಗೆ ಇಳಿಬಿಡುತ್ತಿದ್ದೆ. ಜೇಬಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಪ್ರಿಯಾಂಪು. ಮೈಕಿನ ಬಡಕಲು ದನಿಗೆ ಬಲ ತುಂಬಿ ರೆಕಾರ್ಡರಿಗೆ ದಾಟಿಸುವುದು ಅದರ ಕೆಲಸವೆಂದು ನೀನೇ ವಿವರಿಸಿದ್ದೆ. “ದನಿ ದೊಡ್ಡದ ಮಾಡೂದ ಸರಳ ಐತ್ರಿ ಅಪ್ಪಾ. ಅದರ ಜೋಡಿ ಸುಸ್ಸ್ ಅನ್ನೂ ಕಸಾನೂ ದೊಡ್ಡದಾಗದಂಗ ನೋಡ್ಕೊಳ್ಳೂದ ತ್ರಾಸ.” ಆ ಪ್ರಿಯಾಂಪನ್ನು ಆರಿಸಲು ನೀನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಮೈಕಿನ ವಿಷಯದಲ್ಲಿ ಮಾತ್ರ ಮನಸ್ಸು ನಿಲ್ಲಲಿಲ್ಲ, ನನ್ನನ್ನು ಕೇಳಿದೆ.

ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯ ವೇದಿಕೆ ಏರಿದರೆ ಢಾಲು ಹಿಡಿಯದೆ ಇಳಿಯದವನನ್ನು ಕೇಳಿದೆ. ನಾನು ಮುಂದಿನದನ್ನಷ್ಟೇ ಕೇಳುವ ಮೈಕಿನ ಪಕ್ಷ ಹಿಡಿದೆ. ಹಾಡು ಬೇಕಾದವನಿಗೆ ಹಿಂದಿನವರ ಕೆಮ್ಮು, ಮಕ್ಕಳ ಅಳು, ಎಲೆಯಡಿಕೆಯ ಮಾತು ಏಕೆ ಬೇಕು? ಎಲ್ಲವನ್ನೂ ಕೇಳುತ್ತೇನೆನ್ನುವ ಕಿವಿ ಏನನ್ನೂ ಕೇಳುವುದಿಲ್ಲ. ಆರಿಸಿಕೊಳ್ಳುವುದೇ ವಿವೇಕ. ಹೀಗೆ ಸಾಗಿತು ನನ್ನ ಮಾತು. ನೀನು ನಡುವೆ ಒಮ್ಮೆ, “ಹಂಗಲ್ರಿ ಅಪ್ಪಾ, ಕುಂತ ಮಂದಿ ಹೂಂ ಅಂದ್ರನ ಬಾಯವ್ವನ ಪದ ಮುಂದ ಹೋಗೂದು. ಮಂದೀನ ತಗದ್ರ ಪದಾ ಅರ್ಧ ಆಕ್ಕೈತಿ” ಎಂದೆ. “ಅರ್ಧ ಪದ ಸಾಕು, ಪೂರಾ ಗದ್ದಲ ಬ್ಯಾಡ” ಎಂದು ನಾನು ಮುಗಿಸಿದೆ. ಅಂದಿನಿಂದ ನೀನು ಕಡಲೆಕಾಳಿನ ಜೋಡಿಯನ್ನೇ ಬಳಸಿದೆ.

ಆಮೇಲೆ ಆ ಸಂಜೆ ಬಂತು. ನೀನು ರಾಮದುರ್ಗದಿಂದ ಮರಳುತ್ತಿದ್ದೆ. ದಾರಿಯಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರೇಲರು ನಿಂತಿತ್ತು. ಅದರ ಬಗ್ಗೆ ಬರೆಯುವುದಕ್ಕೆ ನನ್ನಲ್ಲಿ ವಾಕ್ಯಗಳಿಲ್ಲ. ನಿನ್ನ ಚೀಲ ಮಾತ್ರ ಪಕ್ಕದ ಹೊಲದ ಉತ್ತ ಮಣ್ಣಿಗೆ ಬಿದ್ದು ಉಳಿಯಿತು. ಮೈಕು, ಪ್ರಿಯಾಂಪು, ರೆಕಾರ್ಡರು ಎಲ್ಲವೂ ನೆಟ್ಟಗಿವೆ. ಆ ನೆಟ್ಟಗಿರುವಿಕೆಯನ್ನು ನಾನು ಇನ್ನೂ ಕ್ಷಮಿಸಿಲ್ಲ.

ಸುಂದರವ್ವ ಕೇಳಿದ ಮೇಲೆ ಆ ಚೀಲ ಬಿಚ್ಚಿದೆ. ಹೆಡ್‌ಫೋನು ಹಾಕಿಕೊಂಡು ನೀನು ಹಿಡಿದ ಪದಗಳನ್ನೆಲ್ಲ ಕೇಳುತ್ತ ಹೋದೆ. ಕನ್ನಡಕಕ್ಕೆ ಕಟ್ಟಿದ್ದರಿಂದಲೋ ಏನೋ, ನೀನು ಎಡಕ್ಕೆ ತಿರುಗಿದರೆ ಬಾಯವ್ವ ಬಲಕ್ಕೆ ಸರಿಯುತ್ತಾಳೆ. ನಿನ್ನ ಕತ್ತು ಹೊರಳುವುದು ನನಗೆ ಗೊತ್ತಾಗುತ್ತದೆ. ನೀನಿದ್ದೀ, ಆದರೆ ನಿನ್ನ ಸದ್ದಿಲ್ಲ. ಮರೆಯಲ್ಲಿ ಕುಳಿತವನು ಬಾಯಿ ಬಿಡಬಾರದಲ್ಲ. ಒಂದು ಕಡೆ ಮಾತ್ರ, ಬಾಯವ್ವ ತಾರಕಕ್ಕೆ ಏರಿ ಚೌಡಿಕೆಯ ತಂತಿಯನ್ನು ತಟ್ಟನೆ ನಿಲ್ಲಿಸಿದಾಗ, ನೀನು ತಡೆಯಲಾರದೆ ಏನೋ ಅಂದಿದ್ದೀ. ಅಂದಿದ್ದೀ ಎಂಬುದಷ್ಟೇ ತಿಳಿಯುತ್ತದೆ. ಮೈಕಿನ ಬೆನ್ನಿಗೆ ಬಿದ್ದ ಆ ಮಾತು ಗೋಡೆಯಾಚೆಯ ಮಾತಿನಂತೆ ಮಸುಕಾಗಿ ಸತ್ತಿದೆ.

ಅದನ್ನು ಜಟ್ಟೆಪ್ಪನ ಅಂಗಡಿಗೆ ಒಯ್ದೆ. ಅವನು ಕಂಪ್ಯೂಟರಿಗೆ ಹಾಕಿ ಏನೇನೋ ಎಳೆದು, ಏರಿಸಿ, ಇಳಿಸಿ ನೋಡಿದ. “ಇಲ್ರಿ ಸಾಹೇಬ್ರ. ಎಷ್ಟ ಎತ್ತಿದ್ರೂ ಸುಸ್ಸ್ ಅನ್ನೂದ ಮ್ಯಾಲೆ ಬರತೈತಿ. ಜ್ವಾಳದ ಕಾಳಿನ ಮೈಕ ಹಾಕಿದ್ದಂದ್ರ ಮಾತ ಚೊಲೋ ಸಿಗತಿತ್ತು. ಇದನ್ಯಾಕ ಹಾಕ್ಕೊಂಡ್ನೋ ಏನೋ, ಹುಚ್ಚಪ್ಪ!” ಎಂದು ಕಣ್ಣೊರೆಸಿಕೊಂಡ. ಏಕೆಂದು ನಾನು ಹೇಳಲಿಲ್ಲ. ನನ್ನ ವಾದದಲ್ಲಿ ತಪ್ಪಿರಲಿಲ್ಲ, ಪರಶು. ಹಾಡಿಗೆ ಆ ಮೈಕೇ ಸರಿ, ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ಕೇಳಬೇಕಾದದ್ದು ಹಾಡೇ ಎಂದು ಆ ದಿನ ನಾವಿಬ್ಬರೂ ತಿಳಿದಿದ್ದೆವು.

ಮತ್ತೂ ಹುಡುಕಿದೆ. ರೆಕಾರ್ಡರಿನ ಕೊನೆಯಲ್ಲಿ ‘ಪರೀಕ್ಷೆ’ ಎಂಬ ಹೆಸರಿನಲ್ಲಿ ಒಂದೇ ಒಂದು ರೆಕಾರ್ಡಿಂಗು ಉಳಿದಿತ್ತು. ಹಚ್ಚಿದೆ. ತಾಟಿನ ಸದ್ದು, ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು, ಆಮೇಲೆ ನನ್ನ ದನಿ. ಮೈಕಿನ ವಾದ ನಡೆದ ಅದೇ ದಿನದ ಊಟ. ಜೋಳದ ಕಾಳಿನ ಜೋಡಿಯನ್ನು ಕನ್ನಡಕಕ್ಕೆ ಕಟ್ಟಿಕೊಂಡೇ ನೀನು ಊಟಕ್ಕೆ ಕುಳಿತಿದ್ದೆ. ಅಪ್ಪನಿಗೂ ಕಾಣದಂತೆ ಹಿಡಿಯಬಲ್ಲೆನೇ ಎಂದು ನೋಡಿದ್ದೆ. ನನಗೆ ಕಂಡಿರಲಿಲ್ಲ. ಆ ಮಟ್ಟಿಗೆ ನಿನ್ನ ಪರೀಕ್ಷೆ ಪಾಸಾಗಿತ್ತು.

ಸುಂದರವ್ವನನ್ನು ಕರೆದು ಚಾಪೆಯ ಮೇಲೆ ಕೂಡಿಸಿ, ದೊಡ್ಡದಾಗಿಯೇ ಹಚ್ಚಿದೆ. ವಿವೇಕ, ಆಯ್ಕೆ, ಗದ್ದಲ ಎಂದು ನನ್ನ ಮಾತು ನಿಲ್ಲದೆ ಹರಿಯಿತು. ನಡುವೆ ಅವಳ ದನಿ: “ಇನ್ನೊಂದ ರೊಟ್ಟಿ ಹಾಕ್ಲೇನೋ?” ಅದಕ್ಕೆ ನಿನ್ನ ಉತ್ತರ ಬಂತು. ಸರಿಯಾಗಿ ಅದೇ ಕ್ಷಣ ನನ್ನ ವಾಕ್ಯ ಅದರ ಮೇಲೆ ಏರಿ ನಿಂತಿತು. ಸುಂದರವ್ವ ನೆಲಕ್ಕೆ ಕೈಯೂರಿ ಯಂತ್ರದ ಕಡೆಗೆ ಬಾಗಿದಳು. “ಒಂದೀಟ ಸುಮ್ಮ ಕುಂದರ್ರಿ! ಅಂವಾ ಮಾತಾಡಾಕ ಹತ್ಯಾನ!”

ನಾನು ಅವಳ ಪಕ್ಕದಲ್ಲಿ ತುಟಿ ಬಿಚ್ಚದೆ ನಿಂತಿದ್ದೆ. ಅವಳು ಗದರಿಸಿದ್ದು ಯಂತ್ರದೊಳಗಿನ ನನ್ನನ್ನು. ಅವನು ಸುಮ್ಮನಾಗಲಿಲ್ಲ.

ಮತ್ತೆ ಹಚ್ಚಿದೆ, ಮತ್ತೆ ಮತ್ತೆ ಹಚ್ಚಿದೆ. ‘ಸಾಕು’ ಎಂಬುದು ಕೇಳುತ್ತದೆ. ಅದರ ನಂತರದ ‘ಯವ್ವಾ’ ಎಂಬುದು ನನ್ನ ‘ವಿವೇಕ’ದ ಅಡಿಯಲ್ಲಿ ಹೂತಿದೆ. ಜಟ್ಟೆಪ್ಪ ಅದನ್ನೂ ನೋಡಿದ. ಎರಡು ದನಿ ಒಂದರ ಮೇಲೊಂದು ಬಿದ್ದಮೇಲೆ ಬಿಡಿಸಲು ತನ್ನಿಂದಾಗದು ಎಂದ. ಮಂದಿಯನ್ನು ತೆಗೆದರೆ ಪದ ಅರ್ಧವಾಗುತ್ತದೆ ಎಂದ ನಿನ್ನ ಮಾತಿನ ಮೇಲೂ ನನ್ನ ದನಿಯೇ ಹರಿದಿದೆ. ನಿನ್ನ ದನಿ ಅಡ್ಡಿಯಿಲ್ಲದೆ ಸ್ವಚ್ಛವಾಗಿ ಕೇಳುವುದು ಕೊನೆಯಲ್ಲಿ, ನಾನು ನೀರು ಕುಡಿಯುವಾಗ, ಒಂದೇ ಕಡೆ. ಸಣ್ಣ ನಗೆ, ಆಮೇಲೆ: “ಆತ ಬಿಡ್ರಿ ಅಪ್ಪಾ, ನೀವ ಗೆದ್ರಿ.”

ನಿನ್ನಿಂದ ನನಗೆ ಉಳಿದದ್ದು ಇಷ್ಟು. ನಿನ್ನ ತಾಯಿಗೆ ಇದೂ ಇಲ್ಲ. “ಇದು ನಿಮಗ ಅಂದದ್ದು. ನನಗ ಅಂದದ್ದ ಎಲ್ಲೈತಿ?” ಎಂದು ಕೇಳಿ ಅವಳು ಎದ್ದು ಹೋದಳು. ಆಮೇಲೆ ನಿನ್ನ ದನಿಯ ಮಾತೆತ್ತಿಲ್ಲ. ಇನ್ನು ಎತ್ತಲಾರಳೆಂದು ನನಗೆ ಗೊತ್ತು. ಎದುರಾಳಿಯ ಸರದಿ ಬಂದಾಗ ಅವನ ಮಾತನ್ನು ಪೂರ್ತಿ ಕೇಳಬೇಕು ಎಂಬುದು ನಾನೇ ನಿನಗೆ ಕಲಿಸಿದ ನಿಯಮ. ನಿನ್ನ ಸರದಿ ಇನ್ನು ಬರುವುದಿಲ್ಲ.

ನಿನ್ನೆ ಊಟಕ್ಕೆ ಕೂಡುವ ಮೊದಲು ಜೋಳದ ಕಾಳಿನ ಜೋಡಿಯನ್ನು ನನ್ನ ಕನ್ನಡಕಕ್ಕೆ ಕಟ್ಟಿಕೊಂಡೆ. ಪ್ರಿಯಾಂಪಿನ ಗುಂಡಿಯನ್ನು ನೀನು ಇಟ್ಟಿದ್ದ ಗುರುತಿನಲ್ಲೇ ಬಿಟ್ಟು ರೆಕಾರ್ಡರು ಹಚ್ಚಿದೆ. ಸುಂದರವ್ವ ನೋಡಿದಳು, ತಾಟು ತಂದಿಟ್ಟಳು. ಊಟ ಮುಗಿಯುವವರೆಗೆ ನಾನು ಒಂದು ಮಾತೂ ಆಡಲಿಲ್ಲ. ಸಂಜೆ ಕೇಳಿದೆ. ಬಹಳ ಚೆನ್ನಾಗಿ ಬಂದಿದೆ, ನೀನು ಮೆಚ್ಚುತ್ತಿದ್ದೆ. ತಾಟು, ರೊಟ್ಟಿ ಮುರಿಯುವ ಸದ್ದು, ಅವಳ ಬಳೆ, ಹೊರಗೆ ಹಾಯುವ ಗಾಡಿ, ಎಲ್ಲವೂ ಇವೆ. ಒಂದು ಕಡೆ ಅವಳು ಬುಟ್ಟಿಯಿಂದ ರೊಟ್ಟಿ ಎತ್ತಿ, ನೀನು ಕೂಡುತ್ತಿದ್ದ ಜಾಗದ ಕಡೆ ಕೈ ಚಾಚಿ, ಮತ್ತೆ ಬುಟ್ಟಿಗೆ ಹಾಕಿದ್ದು ಕೂಡ ಬಳೆಯ ಸದ್ದಿನಲ್ಲಿ ತಿಳಿಯುತ್ತದೆ. ಅಲ್ಲಿ ನನ್ನ ದನಿ ಎಲ್ಲಿಯೂ ಅಡ್ಡ ಬಂದಿಲ್ಲ.

ಆಶೀರ್ವದಿಸಬೇಕೆಂದರೆ ಎದುರಿಗೆ ಒಂದು ಆಯುಷ್ಯವಿರಬೇಕು. ನನ್ನಲ್ಲಿರುವುದು ಇಷ್ಟೇ: ನೀನಿರುವಲ್ಲಿ ನಿನ್ನ ಮಾತನ್ನು ಯಾರೂ ತುಂಡರಿಸದಿರಲಿ.

ನಿನ್ನೆದುರು ಗೆದ್ದು ಉಳಿದಿರುವ,
ನಿನ್ನ ಅಪ್ಪ
ವಿರೂಪಾಕ್ಷ