ಪೆಟ್ಟಿಗೆಯ ಪುಸ್ತಕ, ಇಸ್ಮಾಯಿಲನ ಉಸಿರು

೧೨ ಮೇ ೧೯೪೯, ಗುರುವಾರ. ಹುಮನಾಬಾದ್.

ಬಾವಿಯ ಹೂಳೆತ್ತಲು ಇಳಿದ ಪಕ್ಕದ ಮನೆಯ ಇಸ್ಮಾಯಿಲ ಮಧ್ಯಾಹ್ನ ಕಾಲು ಜಾರಿ ಮುಳುಗಿದ. ಮೇಲೆ ತಂದಾಗ ಉಸಿರಿರಲಿಲ್ಲ.

"ಕುಂಬಾರನ ತಿಗರಿ ಮ್ಯಾಲ ಹಾಕಿ ತಿರುಗಸ್ರಿ, ನೀರು ಕಕ್ಕತಾನ!" ಎಂದು ಜನ ಅವನನ್ನು ಎತ್ತಲು ಬಂದರು. ನಾನು ತಡೆದು, ನನ್ನ ಪೆಟ್ಟಿಗೆಯ ಹದಿನಾಲ್ಕು ವೈದ್ಯದ ಪುಸ್ತಕಗಳಲ್ಲಿ ಪ್ರಥಮ ಚಿಕಿತ್ಸೆಯದನ್ನು ತಂದೆ.

"ಓದೋ ಹೊತ್ತೇನ್ರಿ ಅಣ್ಣಾ ಇದು?" ಎಂದು ಅವನ ತಾಯಿ ಕುಲ್ಸುಮ್ ಬೀ ಚೀರಿದಳು.

ಕಾಲೇಜಿನ ಇಂಗ್ಲಿಷ್ ಅರ್ಧ ಮರೆತಿದೆ. ಚಿತ್ರ ನೋಡಿಯೇ ಬೋರಲು ಮಲಗಿಸಿ ಬೆನ್ನು ಒತ್ತಿದೆ, ಬಿಟ್ಟೆ, ಒತ್ತಿದೆ. ಎಷ್ಟು ಹೊತ್ತೋ! ಕೊನೆಗೆ ಕೆಮ್ಮಿದ. "ಅಮ್ಮೀ" ಎಂದ.

"ಪುಸ್ತಕ ಅಲ್ಲ, ಇಲಿಗೆ ಊಟ ಕೂಡಿಸ್ಯಾರ ಅಂತ ನಗತಿದ್ದೆ ಅಣ್ಣಾ" ಎಂದು ಕುಲ್ಸುಮ್ ಬೀ ಪುಸ್ತಕವನ್ನು ಕಣ್ಣಿಗೊತ್ತಿಕೊಂಡಳು.

ವಂಡರ್‌ಫುಲ್ ಎಂದರೂ ಸಾಲದು. ಯಾವ ದೇಶದಲ್ಲೋ ಯಾರೋ ಬರೆದದ್ದು ನಮ್ಮ ಬಾವಿಕಟ್ಟೆಯ ಮೇಲೆ ಉಸಿರಾಯಿತಲ್ಲ!

ಹೋದ ವರ್ಷ ಗಲಾಟೆಯಲ್ಲಿ ದಾರಿ ಬಂದಾಗಿ, ಡಾಕ್ಟರು ಸಿಗದೆ, ನನ್ನವಳು ವಾಂತಿಭೇದಿಯಿಂದ ತೀರಿಕೊಂಡ ಮೇಲೆ ಕೂಡಿಸಿದ ಪುಸ್ತಕಗಳಿವು. ಆ ರೋಗದ ಪುಟವನ್ನು ಮಾತ್ರ ತೆರೆದಿಲ್ಲ. ಪುಸ್ತಕದಿಂದ ಯಾರು ಉಳಿದಾರು ಎಂದು ಸಮಾಧಾನ ಮಾಡಿಕೊಂಡಿದ್ದೆ. ಇನ್ನು ಹಾಗೆನ್ನಲಾರೆ. ಈಗ ತೆರೆದಿಟ್ಟಿದ್ದೇನೆ. ಮೊದಲ ಸಾಲೇ, ರೋಗಿಗೆ ನೀರು ಕುಡಿಸುತ್ತಲೇ ಇರಬೇಕು ಎಂದಿದೆ. ನೀರು ಕೇಳಿದ್ದಳು, ವಾಂತಿ ಹೆಚ್ಚುತ್ತದೆ, ಬೇಡವೆಂದು ನಾನೇ ಕೊಡಲಿಲ್ಲ.