ನಾಲ್ಕನೇ ಭಾಗದ ಹೊಲಿಗೆ

ಲೈಬ್ರರಿಯ ಹಿಂಬದಿಯ ರಿಪೇರಿ ಕೋಣೆ
ಹದಿನಾಲ್ಕನೇ ತಾರೀಖು, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಪಟ್ಟಿ ಬಿಚ್ಚಿದರೆಂದು ಅಕ್ಕ ಹೇಳಿದಳು. ಬಿಚ್ಚಿದ ಕೂಡಲೇ ನೀವು ಡಾಕ್ಟರ ಮೇಜಿನ ಮೇಲಿದ್ದ ರಿಜಿಸ್ಟರು ನೋಡಿ, ಇದರ ಬೆನ್ನು ಸಡಿಲವಾಗಿದೆ, ಹೊಲಿಸಿಕೊಳ್ಳಿ ಅಂದಿರಂತೆ. ಅಂದಮೇಲೆ ಕಣ್ಣು ಸರಿಯಾಗಿದೆ ಎಂದೇ ಲೆಕ್ಕ. ಆದರೂ ಔಷಧಿಯ ಹನಿ ಹಾಕುವುದನ್ನು ತಪ್ಪಿಸಬೇಡಿ, ಅಕ್ಕನ ಮೇಲೆ ರೇಗಬೇಡಿ. ನಿಮಗೆ ಕಾಣಲೆಂದು ಅಕ್ಷರ ದಪ್ಪಗೆ ಬರೆದಿದ್ದೇನೆ. ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಮಾತು ಶುರುಮಾಡಿದರೆ ಎಲ್ಲಿಂದೆಲ್ಲಿಗೋ ಹೋಗುತ್ತೇನೆ, ನೀವು ‘ಹೂಂ’ ಅಂದು ಫೋನನ್ನು ಅಕ್ಕನ ಕೈಗೆ ಕೊಡುತ್ತೀರಿ. ನಮ್ಮಿಬ್ಬರ ಹಣೆಬರಹವೇ ಅಷ್ಟು.

ವಿಷಯ ಏನೆಂದರೆ, ನನ್ನ ತಲೆ ಕಲಸುಮೇಲೋಗರವಾಗಿದೆ. ಹೋದ ವಾರ ಲೈಬ್ರರಿಯ ಮೇಡಂ ಒಂದು ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟು, ಇವಕ್ಕೆ ಹೊಸ ರಟ್ಟು ಹಾಕಿ ಅಂದರು. ತೆಗೆದು ನೋಡಿದರೆ ‘ಒಂಬತ್ತು ಸೇತುವೆಗಳ ರಾಜ್ಯ’. ನಮ್ಮನೆಯಲ್ಲಿರುವ ಕಥೆಯೇ, ನೀವು ಊಟದ ಮೇಜಿನಲ್ಲಿ ನನಗೂ ಅಕ್ಕನಿಗೂ ಓದಿ ಹೇಳುತ್ತಿದ್ದದ್ದೇ. ಕೆಲಸ ಬಿಟ್ಟು ಓದಬಾರದು ಎಂದು ನೀವೇ ಕಲಿಸಿದ್ದು, ಹಾಗಾಗಿ ಬಿಡುವಿನಲ್ಲಿ ಮಾತ್ರ ಓದಿದೆ. ಬಿಡುವು ಸ್ವಲ್ಪ ಉದ್ದವಾಯಿತು, ಅದು ಬೇರೆ ಮಾತು. ಅಪ್ಪಾ, ಎಂಥ ಕಥೆ ಅದು. ಆಗ ‘ಹಾರಿಸಿ ಓದಿ’ ಎಂದು ಪೀಡಿಸುತ್ತಿದ್ದ ಆ ಉದ್ದುದ್ದ ಪ್ರಯಾಣಗಳೇ ಈಗ ರುಚಿ. ರಾಜಕುಮಾರನ ಕತ್ತಿಗಿಂತ ಅವನ ಹರಿದ ಬೂಟಿನ ಬಗ್ಗೆಯೇ ಹೆಚ್ಚು ಬರೆದಿರುವುದು ಆಗ ಕಂಡಿರಲೇ ಇಲ್ಲ. ಆ ರಾಕ್ಷಸ ಊರು ಸುಡುವುದು ಕೆಟ್ಟತನದಿಂದಲ್ಲ, ಹಲ್ಲುನೋವಿನಿಂದ ಎಂಬುದೂ ನನಗೀಗ ಅರ್ಥವಾಯಿತು. ಬಹುಶಃ ನನ್ನ ದವಡೆಹಲ್ಲು ಕೀಳಿಸಿದ್ದರ ಪುಣ್ಯ.

ಮೂರು ಭಾಗ ಸುಖವಾಗಿ ಮುಗಿಯಿತು. ನಾಲ್ಕನೆಯದರಲ್ಲಿ ಸಿಕ್ಕಿಹಾಕಿಕೊಂಡೆ. ಸೇತುವೆಯ ಕಾವಲುಗಾರ್ತಿ ನೆನಪಿದ್ದಾಳಲ್ಲ, ಸೌಟು ಹಿಡಿದೇ ಸೈನಿಕರನ್ನು ಓಡಿಸುವವಳು? ನಮ್ಮನೆಯ ಪುಸ್ತಕದಲ್ಲಿ ಅವಳು ಕೊನೆಯ ಸೇತುವೆಯನ್ನು ಕಾಯುತ್ತಾ ಹೊಳೆಗೆ ಬೀಳುತ್ತಾಳೆ. ‘ಅವಳು ಕೈಬಿಟ್ಟಳು. ಕೆಳಗೆ ಬರೀ ನೀರು.’ ಪುಟ ತಿರುಗಿಸಿದರೆ, ‘ಕುದಿಯುತ್ತಿದೆ, ಇನ್ನೂ ಈರುಳ್ಳಿ ಹೆಚ್ಚಿಲ್ಲವಾ ಎಂದು ಗದರಿದಳು.’ ಬಿದ್ದವಳು ಮೈ ಕೂಡ ಒರೆಸಿಕೊಳ್ಳದೆ ಅಡುಗೆಮನೆಯಲ್ಲಿ ನಿಂತಿದ್ದಾಳೆ. ಹೊಳೆಯೇ ಕುದಿಯುತ್ತಿತ್ತು, ಅದಕ್ಕೇ ಅವಳು ಆವಿಯಾಗಿ ಮೇಲೆ ಬಂದಳು ಎಂದು ನಾನು. ಹೊಳೆಗೂ ಬೈದಿರಬೇಕು, ಅದು ಹೆದರಿ ವಾಪಸು ಕಳಿಸಿತು ಎಂದು ಅಕ್ಕ. ಇದಕ್ಕಾಗಿ ಅವಳ ಜಡೆ ಎಳೆದಿದ್ದೇನೆ. ನಿಮ್ಮನ್ನು ಕೇಳಿದರೆ ‘ಬಂದಳಲ್ಲ, ಸಾಕು’ ಅನ್ನುತ್ತಿದ್ದಿರಿ. ಆ ಭಾಗ ಮುಗಿಯುವುದೂ ಅರ್ಧ ವಾಕ್ಯಕ್ಕೆ. ‘ಅವಳು ಬಾಗಿಲ ಬಳಿ ನಿಂತು’, ಅಷ್ಟೇ. ಮುಂದಿನದು ಐದನೇ ಭಾಗದಲ್ಲಿದೆ, ಅದು ಇನ್ನೂ ಅಚ್ಚಾಗಿಲ್ಲ ಅಂದಿರಿ.

ಲೈಬ್ರರಿಯ ಪ್ರತಿಯಲ್ಲಿ ಹಾಗಿಲ್ಲ. ಅಲ್ಲಿ ಅಡುಗೆಮನೆ ಮೊದಲು, ಸೇತುವೆ ಆಮೇಲೆ. ‘ಕೆಳಗೆ ಬರೀ ನೀರು’ ಎಂಬಲ್ಲಿಗೆ ನಾಲ್ಕನೇ ಭಾಗವೇ ಮುಗಿಯುತ್ತದೆ. ಐದನೆಯದು ಅಚ್ಚಾಗಿದೆ ಅಪ್ಪಾ, ನಾನು ಹುಟ್ಟುವ ಮೊದಲೇ ಆಗಿದೆ. ಅದರ ಮೊದಲ ಪುಟದಲ್ಲಿ ಅವಳ ಸಮಾಧಿ ಇದೆ.

ನಲವತ್ತೆರಡು ವರ್ಷದ ಗಂಡಸು ಅಂಟಿನ ಡಬ್ಬಿಯ ಮುಂದೆ ಕೂತು ಅತ್ತೆ. ಮೇಡಂ ಬಂದು, ಅಂಟಿನ ಘಾಟಿಗೆ ಹೀಗಾಗಿರಬೇಕು ಎಂದು ಕಿಟಕಿ ತೆರೆದರು. ನಾನು ಹೌದೆಂದೆ. ಅಮ್ಮ ಹೋದಾಗ ನನಗೆ ಆರು ವರ್ಷ. ಆಗ ಅತ್ತ ನೆನಪೇ ನನಗಿಲ್ಲ. ಈಗ ಅತ್ತದ್ದು ಯಾರಿಗಾಗಿ ಎಂದು ಕೇಳಿದರೆ, ಅದೂ ಸರಿಯಾಗಿ ಗೊತ್ತಿಲ್ಲ.

ನಿಮಗೆ ಗೊತ್ತಲ್ಲ, ಹದಿನಾರು ಪುಟದ ಒಂದೊಂದು ಕಂತೆ, ನಮ್ಮ ಭಾಷೆಯಲ್ಲಿ ಒಂದು ಫಾರಂ. ಕೊನೆಯ ಎರಡು ಫಾರಂ ಅದಲುಬದಲಾದರೆ ನಮ್ಮನೆಯ ಕಥೆ ಬರುತ್ತದೆ. ಹೊಲಿಯುವಾಗ ಯಾರ ಕೈಯಾದರೂ ತಪ್ಪಬಹುದು. ಊರವರ ಪುಸ್ತಕಕ್ಕೆಲ್ಲ ಬಂಗಾರದ ಅಕ್ಷರ, ನಮ್ಮ ಪುಸ್ತಕದ ಹೊಲಿಗೆ ಮಾತ್ರ ಅಡ್ಡಾದಿಡ್ಡಿ, ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ಅಕ್ಕ ನಿಮ್ಮನ್ನು ಕಾಡಿಸುತ್ತಿದ್ದಳಲ್ಲ, ನೀವು ತಲೆ ತಗ್ಗಿಸಿ ನಗುತ್ತಿದ್ದಿರಿ. ಆದರೆ ನಮ್ಮ ನಾಲ್ಕನೇ ಭಾಗದಲ್ಲಿ ಪುಟದ ಸಂಖ್ಯೆಗಳೇ ಇಲ್ಲ. ಕೆಳಗಿನ ಅಂಚನ್ನು ಸಂಖ್ಯೆ ಹೋಗುವಷ್ಟು ಕತ್ತರಿಸಿದೆ. ಉಳಿದ ಮೂರು ಭಾಗಗಳಿಗಿಂತ ಅದು ಒಂದು ಬೆರಳು ಗಿಡ್ಡ. ಕೈತಪ್ಪಿಗೆ ಇಷ್ಟೆಲ್ಲ ಬುದ್ಧಿ ಇರುತ್ತದಾ? ಇದು ತಪ್ಪೋ, ಬೇಕೆಂದೇ ಮಾಡಿದ್ದೋ, ನಿಜ ಹೇಳಿ. ಒಂದು ಗಳಿಗೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆಯೇ ನಿಮ್ಮ ಕೈ ಹಿಡಿದುಕೊಳ್ಳಬೇಕು ಅನ್ನಿಸುತ್ತದೆ.

ನಿಮ್ಮ ಮೊಮ್ಮಗಳು ದಿನಾ ಗೋಡೆಯ ಮೇಲೆ ಒಂದು ಗೆರೆ ಎಳೆದು ನೀವು ಬರುವ ಭಾನುವಾರವನ್ನು ಎಣಿಸುತ್ತಿದ್ದಾಳೆ. ಅವಳಮ್ಮ ಗೋಡೆ ಹಾಳಾಯಿತೆಂದು ಕೂಗುತ್ತಾಳೆ, ಅವಳು ಕೇಳಬೇಕಲ್ಲ. ಹೋದ ಸಲ ನೀವು ಅವಳಿಗೆ ಮೂರು ಭಾಗ ಓದಿ ಹೇಳಿ, ‘ನಾಲ್ಕನೇದು ನಾನು ಬಂದ್ಮೇಲೆ ಓದೋಣ, ಅಲ್ಲೀವರೆಗೂ ಯಾರೂ ಮುಟ್ಬೇಡಿ’ ಅಂದು ಹೋದಿರಿ. ಯಾರೂ ಅಂದರೆ ನಾನೂ ಸೇರಿ ಎಂದು ನನಗೆ ಹೊಳೆಯಲಿಲ್ಲ.

ಅಕ್ಕನಿಗೆ ನನ್ನ ನೆನಪು ಹೇಳಿ. ಜಡೆ ಎಳೆದದ್ದಕ್ಕೆ ಕ್ಷಮೆ ಕೇಳಿದನೆಂದೂ ಹೇಳಿ, ಯಾಕೆಂದು ಹೇಳಬೇಡಿ. ನಿಮ್ಮ ಕಾಲಿಗೆ ನಮಸ್ಕಾರ.

ಇಂತಿ ನಿಮ್ಮ ಮಗ,
ಅಂಟುಗೈ

ಮರೆತ ಮಾತು, ಬುಧವಾರ: ಮರೆತದ್ದಲ್ಲ, ನಿನ್ನೆ ಬರೆಯಲು ಧೈರ್ಯ ಬರಲಿಲ್ಲ. ನೀವು ಬರುವಷ್ಟರಲ್ಲಿ ಸರಿಮಾಡಿ ಆಶ್ಚರ್ಯಪಡಿಸೋಣ ಎಂದು ಕಳೆದ ಭಾನುವಾರವೇ ನಮ್ಮ ನಾಲ್ಕನೇ ಭಾಗದ ಹೊಲಿಗೆ ಬಿಚ್ಚಿಬಿಟ್ಟೆ. ಬೆನ್ನಿಗೆ ಒಳಗಡೆ ಅಂಟಿಸಿದ್ದ ಕಾಗದವನ್ನು ಇವತ್ತು ಬೆಳಿಗ್ಗೆ ನೆನೆಸಿ ಎತ್ತಿದೆ. ಆ ಜಾಗಕ್ಕೆ ಯಾವುದಾದರೂ ಹಾಳು ಕಾಗದ ಸಾಕು ಎಂದು ನೀವೇ ಕಲಿಸಿದ್ದಿರಿ. ನೀವು ಹಾಕಿದ್ದು ಅಮ್ಮನ ಆಸ್ಪತ್ರೆಯ ಚೀಟಿ. ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಬರೆದಿದೆ, ತಾರೀಖು ಅವಳು ಹೋಗುವುದಕ್ಕೆ ಎರಡು ದಿನ ಮುಂಚಿನದು. ಹಾಗಾಗಿ ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಬರೆಯಬೇಡಿ. ಬಿಡಿ ಫಾರಂಗಳನ್ನು ನೋಡಿ ನಿಮ್ಮ ಮೊಮ್ಮಗಳು ‘ಅಪ್ಪಾ, ಇದರಲ್ಲಿ ಯಾವ್ದು ಮೊದ್ಲು?’ ಅಂದಳು. ‘ತಾತ ಬಂದು ಹೇಳ್ತಾರೆ’ ಅಂದೆ. ದಾರಕ್ಕೆ ಮೇಣ ಹಚ್ಚಿಟ್ಟಿದ್ದೇನೆ, ಸೂಜಿಗೆ ನಾನು ಪೋಣಿಸಿ ಕೊಡುತ್ತೇನೆ. ಚೀಟಿ ಒಣಗಿದೆ, ಹರಿದಿಲ್ಲ. ಬಂದು ನೀವೇ ಹೊಲಿಯಿರಿ ಅಪ್ಪಾ. ನೀವು ಹೇಗೆ ಹೊಲಿದರೂ ಈ ಸಲ ನಾನು ಯಾಕೆಂದು ಕೇಳುವುದಿಲ್ಲ.