ಎಡಗಣ್ಣಿನ ಅಳತೆ

ಗುರುವಾರ, ಹದಿನೆಂಟನೆಯ ತಾರೀಕು

ರೀ,

ಬೇರೆ ಸಂಬೋಧನೆ ಹೊಳೆಯಲಿಲ್ಲ. ‘ಪ್ರಿಯ’ ಎಂದು ಬರೆದರೆ ಇಬ್ಬರಿಗೂ ಮುಜುಗರ. ‘ಮಾನ್ಯರೇ’ ಎಂದರೆ ಪುಸ್ತಕ ವಾಪಸು ಕೇಳುವ ನೋಟೀಸಿನ ಹಾಗಾಗುತ್ತದೆ. ಅಂಥದ್ದನ್ನು ಗ್ರಂಥಾಲಯದಲ್ಲಿ ಕೂತು ದಿನಕ್ಕೆ ಹತ್ತು ಬರೆಯುತ್ತೇನೆ. ಇಪ್ಪತ್ತು ವರ್ಷ ಅಡುಗೆಮನೆಯಿಂದ ಮುಂದಿನ ಕೋಣೆಯ ಅಂಗಡಿಗೆ ಕೂಗಿ ಅಭ್ಯಾಸವಾದದ್ದೇ ಇರಲಿ.

ನಿಮ್ಮ ಪತ್ರ ಶನಿವಾರ ತಲುಪಿತು. ಮೂರು ವರ್ಷದ ಮೇಲೆ ಆರು ಸಾಲು. ಉತ್ತರಕ್ಕೆ ಐದು ದಿನ ಹಿಡಿಯಿತು. ಗ್ರಂಥಾಲಯದಲ್ಲಿ ಪುಸ್ತಕಗಳ ತಪಾಸಣೆ ನಡೆದಿದೆ ಎಂದುಕೊಳ್ಳಿ. ಐವತ್ತು ದಾಟಿದವರ ಗುರಿ ಸ್ಪರ್ಧೆಗೆ ನಿಮ್ಮ ಹಳೆಯ ರೈಫಲ್ ಬೇಕು, ಇಪ್ಪತ್ತೇಳಕ್ಕೆ ಬರುತ್ತೇನೆ, ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೊರಡುತ್ತೇನೆ ಎಂದಿದ್ದೀರಿ. ನಾನು ಬಿಟ್ಟುಬಂದ ಹಾಗೇ ಇದೆಯೇ ತಿಳಿಸು, ಇಲ್ಲದಿದ್ದರೆ ಬರುವುದಿಲ್ಲ, ಇಲ್ಲೇ ಬೇರೆ ನೋಡಿಕೊಳ್ಳುತ್ತೇನೆ ಎಂದೂ ಇದೆ. ನಾನು ಹೇಗಿದ್ದೇನೆ ಎಂದು ಎಲ್ಲೂ ಕೇಳಿಲ್ಲ. ಆದರೂ ‘ಬರುತ್ತೇನೆ’ ಎಂಬ ಒಂದು ಪದವನ್ನು ಎಷ್ಟು ಸಲ ಓದಿದೆನೆಂದು ಹೇಳಿದರೆ ನೀವು ನಗುತ್ತೀರಿ. ಕವಿತೆಯ ಒಂದು ಸಾಲನ್ನು ಅರ್ಧ ಗಂಟೆ ಓದ್ತೀಯ, ಗುಂಡು ಮಾತ್ರ ಅರ್ಧ ಸೆಕೆಂಡಿನಲ್ಲಿ ಹಾರಿಸಿಬಿಡ್ತೀಯ ಅಂತ ಗುರಿ ಅಭ್ಯಾಸದ ರೇಂಜಿನಲ್ಲಿ ಎಲ್ಲರೆದುರು ಹಂಗಿಸುತ್ತಿದ್ದವರು ನೀವು.

ಇಲ್ಲ, ರೈಫಲ್ ನೀವು ಬಿಟ್ಟುಹೋದ ಹಾಗಿಲ್ಲ. ಏನಾಯಿತೆಂದು ಹೇಳುತ್ತೇನೆ.

ನೀವು ಹೋಗಿ ಒಂದು ವರ್ಷದ ಮೇಲೆ ಒಬ್ಬ ಹೆಂಗಸು ಬಂದರು. ನಿವೃತ್ತ ಸಂಗೀತದ ಟೀಚರು, ಅರವತ್ತೆರಡು ವಯಸ್ಸು, ಆಗಷ್ಟೇ ರೈಫಲ್ ಕ್ಲಬ್ಬಿಗೆ ಸೇರಿದವರು. ಬಾಗಿಲಿನ ಮೇಲೆ ‘ರೈಫಲ್ ಅಳತೆ, ದುರಸ್ತಿ, ಬಿಡಿಭಾಗ’ ಎಂಬ ನಿಮ್ಮ ಹಲಗೆ ಇನ್ನೂ ಹಾಗೇ ತೂಗುತ್ತಿತ್ತು. ಅದನ್ನು ಯಾಕೆ ಇಳಿಸಿರಲಿಲ್ಲ ಎಂದು ಕೇಳಬೇಡಿ. ಅವರಿಲ್ಲ, ಬೇರೆ ಊರಿನಲ್ಲಿ ರೇಂಜ್ ನಡೆಸುತ್ತಾರೆ ಎಂದೆ. ಟೀಚರು ಹೊಸ್ತಿಲಲ್ಲೇ ನಿಂತು, “ಅಯ್ಯೋ, ಮೂರು ಬಸ್ ಹತ್ತಿ ಇಳಿದು ಬಂದಿದೀನಮ್ಮ. ನೀವೇ ಒಂಚೂರು ನೋಡಿ. ಇಷ್ಟು ವರ್ಷ ನೋಡ್ತಾನೇ ಇದ್ರಲ್ಲ, ಏನೂ ಬರಲ್ವಾ?” ಎಂದರು.

ಬರುತ್ತಿತ್ತು. ಗಿರಾಕಿ ಬಂದರೆ ನೀವು ಏನೇನು ಮಾಡುತ್ತೀರಿ ಎಂಬುದು ನನಗೆ ಬಾಯಿಪಾಠ. ಮೊಣಕೈ ಮಡಿಚಿಸಿ, ಮಡಿಕೆಯಿಂದ ತೋರುಬೆರಳಿನವರೆಗೆ ಟೇಪು ಹಿಡಿಯುತ್ತಿದ್ದಿರಿ. ಕತ್ತು ಉದ್ದವೋ ಗಿಡ್ಡವೋ, ಕೆನ್ನೆಯ ಮೂಳೆ ಎತ್ತರವೋ ತಗ್ಗೋ ನೋಡುತ್ತಿದ್ದಿರಿ. ಇದಕ್ಕೆಲ್ಲ ಮೊದಲು ಕಣ್ಣಿನ ಪರೀಕ್ಷೆ. ಎರಡೂ ಕೈ ಮುಂದೆ ಚಾಚಿ ಬೆರಳುಗಳಿಂದ ತ್ರಿಕೋನ ಮಾಡಿ, ಎರಡೂ ಕಣ್ಣು ತೆರೆದು, ಅದರೊಳಗಿಂದ ಗೋಡೆಯ ಗಡಿಯಾರ ನೋಡಿ ಎನ್ನುವುದು. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸುವುದು. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯವಾಗುತ್ತದೋ ಅದೇ ಆ ಮನುಷ್ಯನ ಗುರಿಯ ಕಣ್ಣು. ಬಲಗೈ ಆಳಿಗೆ ಗುರಿಯ ಕಣ್ಣು ಎಡದ್ದೂ ಇರಬಹುದು, ಕೇಳದೆ ರೈಫಲ್ ಕೊಟ್ಟವನು ಮೂರ್ಖ ಅನ್ನುತ್ತಿದ್ದಿರಿ. ನೀವು ಹೇಳಿದ್ದನ್ನೆಲ್ಲ ಕಾರ್ಡಿನ ಮೇಲೆ ಬರೆದುಕೊಳ್ಳುತ್ತಿದ್ದವಳು ನಾನು: ಕೈ, ಕಣ್ಣು, ಉದ್ದ, ಯಾರಿಗೆ ದಪ್ಪ ಕೈಗವಸು, ಯಾರಿಗೆ ಟ್ರಿಗರ್ ಹಗುರ ಬೇಕು.

ಟೀಚರಿಗೆ ತೋರಿಸಲೆಂದು ನಾನೇ ಕೈ ಚಾಚಿದೆ. ಹೀಗೆ ತ್ರಿಕೋನ ಮಾಡಿ, ಈಗ ಎಡಗಣ್ಣು ಮುಚ್ಚಿ ಎನ್ನುತ್ತಾ ನನ್ನ ಎಡಗಣ್ಣು ಮುಚ್ಚಿದೆ. ಗಡಿಯಾರ ಇರಲಿಲ್ಲ. ಬರೀ ಗೋಡೆ. ತೆರೆದೆ, ಗಡಿಯಾರ ಬಂತು. ಮತ್ತೆ ಮುಚ್ಚಿದೆ. ಹೀಗೆ ಎಷ್ಟು ಹೊತ್ತು ನಿಂತಿದ್ದೆನೋ, ಟೀಚರು ಪಕ್ಕದಿಂದ, “ಏನಮ್ಮ, ಗಡಿಯಾರ ನಿಂತುಹೋಯ್ತಾ?” ಎಂದರು.

ಅವರನ್ನು ಕಳಿಸಿದ ಮೇಲೆ ಕಾರ್ಡಿನ ಪೆಟ್ಟಿಗೆ ತೆಗೆದೆ. ನಿಮ್ಮ ಕೈಯಲ್ಲಿ ಅಳತೆಯಾದ ಮುನ್ನೂರು ಚಿಲ್ಲರೆ ಜನ ಅದರಲ್ಲಿದ್ದಾರೆ. ಒಂದೇ ಒಂದು ಸಲ ಬಂದು ಮತ್ತೆ ಮುಖ ತೋರಿಸದವರೂ ಇದ್ದಾರೆ. ನಾನಿಲ್ಲ. ಮದುವೆಯಾದ ಎರಡನೆಯ ವರ್ಷ, ನಿನಗೆ ಬೇರೆ ಯಾಕೆ, ನನ್ನದನ್ನೇ ಇಟ್ಕೋ ಎಂದು ನಿಮ್ಮ ರೈಫಲ್ ಕೊಟ್ಟಿರಿ. ನನಗೆ ಹೆಮ್ಮೆಯಾಯಿತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನೀವು ಪದಕ ಗೆದ್ದ ರೈಫಲ್ ಅದು. ಹೆಮ್ಮೆಯಲ್ಲಿ ಯಾರು ಟೇಪು ಹುಡುಕುತ್ತಾರೆ? ನಾನು ಎರಡೂ ಕಣ್ಣಿನಲ್ಲಿ ನೋಡಿ ತಬ್ಬಿಬ್ಬಾಗುತ್ತೇನೆಂದು ಎಡಗಣ್ಣಿನ ಮುಂದೆ ಒಂದು ಬಿಳಿ ಪ್ಲಾಸ್ಟಿಕ್ ಪಟ್ಟಿ ತೂಗುಹಾಕಿದಿರಿ. ಹದಿನೆಂಟು ವರ್ಷ ಅದು ಅಲ್ಲೇ ಇತ್ತು. ಯಾವ ಕಣ್ಣು ಗುರಿ ಹಿಡಿಯುತ್ತಿತ್ತೋ ಅದಕ್ಕೇ ಮರೆ ಕಟ್ಟಿ, ನಿನಗೆ ತಾಳ್ಮೆ ಇಲ್ಲ ಎಂದಿರಿ. ನಾನೂ ನಂಬಿದೆ. ಬಲಗಣ್ಣು ದಣಿದು ಗುರಿಹಾಳೆಯ ಕಪ್ಪು ವೃತ್ತ ಮಂಜಾಗುವ ಮೊದಲೇ ಟ್ರಿಗರ್ ಎಳೆದುಬಿಡುತ್ತಿದ್ದೆ. ಅದನ್ನು ನನ್ನ ಸ್ವಭಾವ ಎಂದುಕೊಂಡೆ.

ನಿಮ್ಮೊಬ್ಬರದೇ ತಪ್ಪು ಅನ್ನುವುದಿಲ್ಲ. ಕಾರ್ಡು ಬರೆದವಳು ನಾನು. ಮುನ್ನೂರು ಸಲ ‘ಕಣ್ಣು’ ಎಂಬ ಖಾನೆ ತುಂಬುವಾಗ ಒಂದು ಸಲವೂ, ರೀ, ನನ್ನದು ಎಂದು ಕೇಳಲಿಲ್ಲ.

ಈಗ ಹೇಳಲು ಕಷ್ಟವಾದ ಮಾತು. ನೀವು ಹೋದ ಮೊದಲ ವರ್ಷ ಪ್ರತಿ ಭಾನುವಾರ ರೇಂಜಿಗೆ ಹೋಗುತ್ತಿದ್ದೆ. ಉಸ್ತುವಾರಿ ಮಾಮ ನಿಮಗೆ ಸುದ್ದಿ ಮುಟ್ಟಿಸಿದ್ದರೆ, ಅಭ್ಯಾಸ ಬಿಟ್ಟಿಲ್ಲ ಎಂದು ನೀವು ಮೆಚ್ಚಿರಬಹುದು. ಅಭ್ಯಾಸಕ್ಕಾಗಿ ಹೋಗುತ್ತಿರಲಿಲ್ಲ. ಆ ರೈಫಲ್ಲಿನ ಮರಕ್ಕೆ ನಿಮ್ಮ ಕೆನ್ನೆ ಕೂರಲೆಂದು ನೀವೇ ತಿದ್ದಿದ ತಗ್ಗಿತ್ತಲ್ಲ, ಅದರಲ್ಲಿ ನನ್ನ ಕೆನ್ನೆ ಇಟ್ಟು ಮ್ಯಾಟಿನ ಮೇಲೆ ಬೋರಲು ಮಲಗಿರುತ್ತಿದ್ದೆ. ನನಗದು ಎಂದೂ ಸರಿಯಾಗಿ ಕೂತಿರಲಿಲ್ಲ, ಕೆನ್ನೆಯ ಕೆಳಗೆ ಒಂದು ಬೆರಳು ಜಾಗ ಖಾಲಿ ಉಳಿಯುತ್ತಿತ್ತು. ಅಷ್ಟೇ ಸಾಕಾಗಿತ್ತು. ಹತ್ತು ಗುಂಡಿಗೆ ಒಂದು ಗಂಟೆ ತೆಗೆದುಕೊಂಡರೆ ಮಾಮ ಪಾಪ, ಅತ್ತ ತಿರುಗಿ ಕುಳಿತಿರುತ್ತಿದ್ದರು.

ಆದ್ದರಿಂದ ಆ ಮರವನ್ನು ಉಜ್ಜಲು ಅರ ಹಿಡಿಯುವ ಮೊದಲು ನಾಲ್ಕು ತಿಂಗಳು ಯೋಚಿಸಿದೆ. ಬೇರೆ ರೈಫಲ್ ಕೊಳ್ಳಬಹುದಿತ್ತು. ಮಾಮ ಅದನ್ನೇ ಹೇಳಿದರು. ಲೈಸೆನ್ಸಿನಲ್ಲಿ ನನ್ನ ಹೆಸರೂ ಇರುವ ರೈಫಲ್ ಇದೊಂದೇ, ನನ್ನ ಕೈಗೆ ಪಳಗಿದ್ದೂ ಇದೊಂದೇ ಎಂದೆ. ಅದು ಅರ್ಧ ನಿಜ.

ಒಂದು ಭಾನುವಾರ ಬೆಳಗ್ಗೆ ಮರದ ಭಾಗವನ್ನು ನಳಿಗೆಯಿಂದ ಬಿಚ್ಚಿ ನಿಮ್ಮ ಮೇಜಿನ ಇಕ್ಕಳಕ್ಕೆ ಬಟ್ಟೆ ಸುತ್ತಿ ಸಿಕ್ಕಿಸಿದೆ. ನನ್ನ ಮೊಣಕೈಗೆ ನಾನೇ ಟೇಪು ಹಿಡಿದೆ. ಒಬ್ಬರೇ ಹಿಡಿಯುವುದು ಕಷ್ಟ, ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕಾಯಿತು. ಹೆಗಲಿಗೆ ಒತ್ತುವ ತುದಿಯನ್ನು ಒಂದೂವರೆ ಬೆರಳಿನಷ್ಟು ಗರಗಸದಲ್ಲಿ ಕೊಯ್ದೆ. ಕೊಯ್ತ ಸ್ವಲ್ಪ ಓರೆಯಾಯಿತು, ರಬ್ಬರ್ ಪಟ್ಟಿ ಕೂರಿಸಿ ಮುಚ್ಚಿದ್ದೇನೆ. ಆಮೇಲೆ ಎಡಬದಿಯ ಕೆನ್ನೆಯ ತಗ್ಗು. ಅದನ್ನು ಅರದಿಂದ ಉಜ್ಜಿ, ಉಪ್ಪುಕಾಗದ ಹಾಕಿ ಸಮ ಮಾಡಿದೆ. ಮಧ್ಯಾಹ್ನದವರೆಗೆ ಹಿಡಿಯಿತು. ಪುಡಿ ನೆಲದ ಮೇಲೆ, ಸೀರೆಯ ಮೇಲೆ, ಮೂಗಿನಲ್ಲಿ. ಗುಡಿಸಿ ಬಿಸಾಡಿದೆ. ಇಟ್ಟುಕೊಳ್ಳಬೇಕು ಅನ್ನಿಸಿತು, ಇಟ್ಟುಕೊಳ್ಳಲಿಲ್ಲ. ಬಲಬದಿಗೆ ಹೊಸ ತುಂಡು ಅಂಟಿಸಿ, ನನ್ನ ಎಡಗೆನ್ನೆಗೆ ತಕ್ಕಂತೆ ತಿದ್ದಿದೆ. ಇಟ್ಟು ನೋಡುವುದು, ಉಜ್ಜುವುದು, ಮತ್ತೆ ಇಟ್ಟು ನೋಡುವುದು. ಎರಡು ವಾರವಾಯಿತು.

ನಲವತ್ತಾರನೆಯ ವಯಸ್ಸಿನಲ್ಲಿ ಎಡಗೈಯವಳಾದೆ, ನೋಡಿ. ಗುಂಡು ತುಂಬುವ ಬೋಲ್ಟ್ ಇನ್ನೂ ಬಲಕ್ಕೇ ಇದೆ, ಪ್ರತಿ ಗುಂಡಿಗೂ ಕೈ ದಾಟಿಸಿ ಎಳೆಯಬೇಕು. ಮೊದಲ ದಿನ ಗುರಿಹಾಳೆಯಲ್ಲಿ ಸಿಡುಬಿನ ಕಲೆ. ಪಕ್ಕದ ಮ್ಯಾಟಿನ ಹಲ್ಲಿನ ಡಾಕ್ಟರು ಇಣುಕಿ, “ಮೇಡಂ, ಹೊಡೆದದ್ದು ನೀವೋ ಇಲಿ ಕಡಿದಿದ್ದೋ?” ಎಂದರು. ಅವರು ಬದಲಾಗಿಲ್ಲ. ನಾಲ್ಕನೆಯ ಹೊಸ ಜಾಕೆಟ್ಟು, ಅದೇ ಹಳೆಯ ಅಂಕ.

ಆಮೇಲೆ ಒಂದೊಂದಾಗಿ ಎಲ್ಲ ಬದಲಾಯಿಸಿದೆ. ರೈಫಲ್ ಅಲುಗದಿರಲೆಂದು ತೋಳಿಗೆ ಸುತ್ತುವ ನಿಮ್ಮ ಚರ್ಮದ ಪಟ್ಟಿಯ ವಾಸನೆ ನನಗೆ ಯಾವತ್ತೂ ಹಿಡಿಸಿರಲಿಲ್ಲ. ಬಟ್ಟೆಯ ಪಟ್ಟಿ ಹಾಕಿದೆ. ಕಿವಿಗೆ ನಿಮ್ಮ ದೊಡ್ಡ ಮುಚ್ಚಳದಂಥದ್ದನ್ನು ಹಾಕಿಕೊಂಡರೆ ನನ್ನ ಉಸಿರೇ ನನಗೆ ಕೇಳಿ ಬಾವಿಯಲ್ಲಿ ಕೂತಂತಾಗುತ್ತದೆ; ಮೆತ್ತನೆಯ ಬಿರಡೆ ಸಾಕು. ಕೈಗವಸು ಒಂದೂ ಒಗ್ಗಲಿಲ್ಲವೆಂದು ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನೇ ಹೊಲಿದುಕೊಂಡೆ. ಡಾಕ್ಟರು ಅದನ್ನು ನೋಡಿ ಒಂದು ವಾರ ನಕ್ಕರು, ಮುಂದಿನ ವಾರ ನನಗೂ ಒಂದು ಹೊಲಿದುಕೊಡಿ ಎಂದರು. ಗುರಿ ನೋಡುವ ಹಿಂದಿನ ಸೈಟಿನ ರಂಧ್ರವನ್ನು ನೀವು ಸೂಜಿಯ ಕಣ್ಣಿನಷ್ಟು ಮಾಡಿಟ್ಟಿದ್ದಿರಿ, ಚಿಕ್ಕದಾದಷ್ಟೂ ಚೊಕ್ಕ ಎಂದು. ನಾನು ದೊಡ್ಡದು ಮಾಡಿದೆ. ನನಗೆ ಬೆಳಕು ಬೇಕು. ಅಂಚು ಸ್ವಲ್ಪ ಮಸುಕಾದರೂ ಅಡ್ಡಿಯಿಲ್ಲ, ಸುತ್ತ ಬೆಳಕಿದ್ದರೆ ನಡುವಿನದು ತಾನಾಗಿ ನಿಲ್ಲುತ್ತದೆ. ಇದನ್ನು ನೀವು ಒಪ್ಪುವುದಿಲ್ಲವೆಂದು ಗೊತ್ತು. ಒಪ್ಪಬೇಕಾಗಿಲ್ಲ, ನಿಮ್ಮ ಕಣ್ಣಿಗೆ ನಿಮ್ಮದು ಸರಿ.

ಈಗ ನಾನು ಟ್ರಿಗರ್ ಮೇಲೆ ಬೆರಳಿಟ್ಟು ಕಾಯಬಲ್ಲೆ. ನಿಧಾನವಾಗಿ, ಒಂದು ಸಾಲು ಓದಿದ ಹಾಗೆ. ಹೋದ ತಿಂಗಳು ಹತ್ತು ಗುಂಡಿಗೆ ನೂರರಲ್ಲಿ ತೊಂಬತ್ತಾರು. ಹದಿನೆಂಟು ವರ್ಷದಲ್ಲಿ ಎಂಬತ್ತನಾಲ್ಕು ದಾಟಿರಲಿಲ್ಲ. ಮಾಮ ಹಾಳೆಯನ್ನು ಬೆಳಕಿಗೆ ಹಿಡಿದು, “ಇದನ್ನ ನೋಡೋಕೆ ಅವರಿರಬೇಕಿತ್ತಮ್ಮ” ಎಂದುಬಿಟ್ಟು, ತಪ್ಪು ಮಾತಾಡಿದವರಂತೆ ಕನ್ನಡಕ ಒರೆಸತೊಡಗಿದರು. ಮನೆಗೆ ಬಂದು ಹಾಳೆಯನ್ನು ಊಟದ ಮೇಜಿನ ಮೇಲೆ, ನನ್ನ ತಟ್ಟೆಯ ಎದುರು ಇಟ್ಟೆ. ಹಾರದಿರಲೆಂದು ಮೇಲೆ ಉಪ್ಪಿನ ಡಬ್ಬಿ ಇಟ್ಟು ಊಟ ಮಾಡಿದೆ. ಯಾರಿಗಾದರೂ ಹೇಳಬೇಕಿತ್ತು. ಗ್ರಂಥಾಲಯದಲ್ಲಿ ಹೇಳಿದರೆ, ಅಯ್ಯೋ ನಿಮ್ಮ ಹತ್ತಿರ ಬಂದೂಕು ಇದೆಯಾ ಎನ್ನುತ್ತಾರೆ.

ನೀವು ಹೊರಟ ದಿನದ ಒಂದು ವಿಷಯ. ಪೆಟ್ಟಿಗೆಗೆ ಬಟ್ಟೆ ತುಂಬುತ್ತಾ, ನನಗೆ ಬೆನ್ನು ಮಾಡಿ, “ನೀನೂ ಬರ್ತೀಯಾ?” ಎಂದಿರಿ. ನಾನು “ನೋಡೋಣ” ಎಂದೆ. ನೀವು ಪೆಟ್ಟಿಗೆ ಮುಚ್ಚಿದಿರಿ. ಕೆಲಸ ಬಿಡಲಾರದೆ ಹಾಗೆಂದೆ ಎಂದು ನಿಮ್ಮ ಅಕ್ಕನಿಗೂ ನನ್ನ ಅಣ್ಣನಿಗೂ ಹೇಳುತ್ತಾ ಬಂದಿದ್ದೇನೆ. ಅದಲ್ಲ. ಮುಖ ನೋಡಿ ಇನ್ನೊಂದು ಸಲ ಕೇಳುತ್ತೀರೇನೋ ಎಂದು ಕಾಯುತ್ತಿದ್ದೆ. ಬಹುಶಃ ನಾನು ಕೈಹಿಡಿದು ನಿಲ್ಲಿಸುತ್ತೇನೆಂದು ನೀವೂ ಕಾಯುತ್ತಿದ್ದಿರಿ. ನಿಮ್ಮ ಬೆನ್ನನ್ನು ಅಷ್ಟು ಹೊತ್ತು ನೋಡಿಯೂ ನನಗೆ ಗೊತ್ತಾಗಲಿಲ್ಲ.

ಹೀಗಾಗಿ, ರೈಫಲ್ ಕೊಡಲಾರೆ. ಅದು ಈಗ ನಿಮ್ಮ ಹೆಗಲಿಗೆ ಕೂರುವುದೂ ಇಲ್ಲ. ಸ್ಪರ್ಧೆಗೆ ಅಲ್ಲೇ ಬೇರೆ ನೋಡಿಕೊಳ್ಳಿ. ತಡಮಾಡದೆ ತಿಳಿಸಬೇಕೆಂದೇ ಇಷ್ಟು ಬರೆದೆ. ಇಪ್ಪತ್ತೇಳಕ್ಕೆ ಬರಲು ನಿಮಗಿದ್ದ ಕಾರಣ ಇದರೊಂದಿಗೆ ಹೋಯಿತೆಂದು ಗೊತ್ತಿದ್ದೇ ಬರೆದೆ. ಸ್ಪರ್ಧೆಯಲ್ಲಿ ಗೆಲ್ಲಿ. ಕಾಲುನೋವಿಗೆ ಮಂಡಿಪಟ್ಟಿ ಹಾಕಿಕೊಳ್ಳುತ್ತಿದ್ದೀರಿ ಎಂದುಕೊಂಡಿದ್ದೇನೆ.

ಇಂತಿ,
ಗಿರಾಕಿಗಳೆದುರು ನೀವು ‘ಇವಳು’ ಎನ್ನುತ್ತಿದ್ದ
ಇವಳು

ತಾ.ಕ.: ಸೋಮವಾರ ನಾನು ಅಂಚೆಗೆ ಹಾಕಿದ ಕಾಗದ ಇದಕ್ಕಿಂತ ಮೊದಲೇ ನಿಮ್ಮ ಕೈ ಸೇರಿರುತ್ತದೆ. ಅದರಲ್ಲಿ ಎರಡೇ ಸಾಲು: ರೈಫಲ್ ನೀವು ಬಿಟ್ಟುಹೋದ ಹಾಗೇ ಇದೆ. ಬನ್ನಿ. ಮೊದಲನೆಯದು ಸುಳ್ಳು. ಎರಡನೆಯದನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದು ಮೂರು ದಿನ ಪ್ರಯತ್ನಿಸಿದೆ, ಆಗಲಿಲ್ಲ.